ಹಿತ್ತಾಳೆ ನಲ್ಲಿಯ ಹೊಳಪು

“ಏಯ್ ಸಿದ್ದೇಶ, ಕುಡೀಬೇಡ ಕಣೋ!”

ಪದ್ಮಾವತಿ ಮೇಡಂ ಕೂಗಿದ ರಭಸಕ್ಕೆ ಪಂಪ್‌ಹೌಸಿನ ಕಿಟಕಿಯಲ್ಲಿ ಕೂತಿದ್ದ ಪಾರಿವಾಳ ತಾನೂ ಕುಡಿಯುವುದಿಲ್ಲವೆಂದು ಹಾರಿಹೋಯಿತು. ಮಂಡಿಯೂರಿ, ನಲ್ಲಿಯ ಮೂತಿಗೆ ತನ್ನ ಮೂತಿ ತಂದಿದ್ದ ಸಿದ್ದೇಶ್ ಅಲುಗಾಡದೆ ಹಾಗೇ ಕೂತ.

“ಕುಡೀತಿಲ್ಲ ಮೇಡಂ. ಒಳಗೆ ಇಣುಕಿ ನೋಡ್ತಿದೀನಿ.”

“ನಿನ್ನ ನಂಬೋಕಾಗತ್ತೇನೋ? ಪಿಪೆಟ್‌ನಲ್ಲಿ ಎಳಿ ಅಂದ್ರೆ ಆಸಿಡ್ ನುಂಗಿದ ಗಿರಾಕಿ ನೀನು. ಇಡೀ ಕಾಲೇಜಿಗೆ ಒಬ್ಬನೇ.”

“ಆ ಆಸಿಡ್ಡಿಂದಲೇ ಗಂಟಲು ಪಳಗಿದ್ದು ಮೇಡಂ. ಇಲ್ಲದಿದ್ರೆ ಇಷ್ಟೊಂದು ದನಿ ಬರ್ತಿತ್ತಾ?”

ದನಿಗಳೇನೋ ಬರುತ್ತಿದ್ದವು. ಪ್ರಿನ್ಸಿಪಾಲರಿಂದ ಹಿಡಿದು ಕ್ಯಾಂಟೀನಿನ ಮಿಕ್ಸಿಯವರೆಗೆ ಯಾರನ್ನೂ ಬಿಡದೆ ಅನುಕರಿಸುತ್ತಿದ್ದ ಸಿದ್ದೇಶ್, ಈಗ ಚಾಮರಾಜಪುರಂನಲ್ಲಿ ಒಂದು ಇಸ್ತ್ರಿ ಅಂಗಡಿಯ ಮಹಡಿಯ ಮೇಲೆ ಪತ್ತೇದಾರಿ ಕಚೇರಿ ಇಟ್ಟಿದ್ದ. ಕೆಳಗೆ ಬಟ್ಟೆಯ ಸುಕ್ಕು ತೆಗೆಯುತ್ತಿದ್ದರು, ಮೇಲೆ ಸಂಸಾರಗಳ ಸುಕ್ಕು. ಗಂಡು ಹುಡುಕುವವರು, ಸಿಕ್ಕ ಗಂಡನ ಮೇಲೆ ಕಣ್ಣಿಡುವವರು, ಇವರೇ ಅವನ ಗಿರಾಕಿಗಳು. ಯುರೇನಿಯಂ ಮೆಟ್ಟಿಲು ಹತ್ತಿ ಬಂದದ್ದು ಇದೇ ಮೊದಲು. ಅದನ್ನು ಕರೆತಂದವರು ತನಗೆ ರಸಾಯನಶಾಸ್ತ್ರ ಕಲಿಸಿದ ಮೇಡಂ ಆದ್ದರಿಂದ ಅವನಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಹಿನಕಲ್ ದಾಟಿದರೆ ಸಿಗುವ ತಂಬೆಲರು ಬಡಾವಣೆಗೆ ಇನ್ನೂ ಕಾವೇರಿ ನೀರು ಬಂದಿಲ್ಲ. ಇರುವುದು ಒಂದು ಬೋರ್‌ವೆಲ್. ಬೋರ್ ಹೌದು, ವೆಲ್ ಅಲ್ಲ. ಆಳದ ಬಂಡೆಯಿಂದ ಕರಗಿದ ಯುರೇನಿಯಂ ನೀರಿನ ಜೊತೆ ಮೇಲೆ ಬರುತ್ತಿತ್ತು. ಅದನ್ನು ತಡೆಯಲು ಅದೇ ಬಡಾವಣೆಯ ನಿವಾಸಿಯಾದ ಪದ್ಮಾವತಿ, ನಿವೃತ್ತಿಯ ನಂತರ ಒಂದು ಫಿಲ್ಟರ್ ಕಟ್ಟಿಕೊಟ್ಟಿದ್ದರು. ವರ್ಷವಿಡೀ ಯಾರೂ ಕೊಂಕು ನುಡಿದಿರಲಿಲ್ಲ. ಈ ವಾರ ಬಂದ ಪರೀಕ್ಷೆಯ ವರದಿ ಮಾತ್ರ ಎಲ್ಲರ ನಿದ್ದೆ ಕೆಡಿಸಿತ್ತು. ಫಿಲ್ಟರಿಗೆ ಹೋಗುವ ನೀರಿಗಿಂತ ಫಿಲ್ಟರಿನಿಂದ ಬರುವ ನೀರಿನಲ್ಲೇ ಯುರೇನಿಯಂ ಎಷ್ಟೋ ಪಟ್ಟು ಹೆಚ್ಚು!

ಇಂದು ಸಂಜೆ ನಿವಾಸಿಗಳ ಸಂಘದ ಸಭೆ. ಅಷ್ಟರೊಳಗೆ ಕಾರಣ ಸಿಗದಿದ್ದರೆ ಫಿಲ್ಟರ್ ಗುಜರಿಗೆ, ಮೇಡಂ ಹೆಸರು ಅದರ ಹಿಂದೆಯೇ.

“ಜರಡಿ ಹಿಡಿದೋರು ಯಾರಾದ್ರೂ ಹಿಟ್ಟಿಗೆ ಕಲ್ಲು ಸೇರಿಸ್ತಾರಾ ಮೇಡಂ?” ಸಿದ್ದೇಶ್ ಕೇಳಿದ.

“ನಂಗೂ ಅದೇ ಅರ್ಥ ಆಗ್ತಿಲ್ಲ. ಹಿಡೀದೆ ಬಿಟ್ರೆ ಹೋದಷ್ಟೇ ಬರ್ಬೇಕು. ಹೆಚ್ಚು ಎಲ್ಲಿಂದ ಬಂತು?” ಪದ್ಮಾವತಿ ಗೋಡೆಗೊರಗಿದರು. ವಾರದಿಂದ ಅವರ ಜಡೆ ಸರಿಯಾಗಿರಲಿಲ್ಲ. ಪಾಠ ಮಾಡುವಾಗ ಸೀರೆಯ ನೆರಿಗೆ ಕೂಡ ಆವರ್ತ ಕೋಷ್ಟಕದ ಸಾಲಿನಂತೆ ನೆಟ್ಟಗಿರುತ್ತಿದ್ದ ಹೆಂಗಸು ಅವರು.

ಸಿದ್ದೇಶ್ ಫಿಲ್ಟರನ್ನು ಮತ್ತೊಮ್ಮೆ ಸುತ್ತಿ ನೋಡಿದ. ನೋಡಿದಷ್ಟೂ ಅವನಿಗೆ ಮೆಚ್ಚಿಗೆ. ಆಳೆತ್ತರದ ಒಂದು ನೀಲಿ ಪೀಪಾಯಿ. ಅದರೊಳಗೆ ಹದ ಮಾಡಿದ ತೆಂಗಿನ ನಾರಿನ ಹೊಟ್ಟು. ನರ್ಸರಿಯವರು ಗುಲಾಬಿ ಕುಂಡಕ್ಕೆ ತುಂಬುವ ಅದೇ ಕೊಕೊಪೀಟ್. ಮೇಲಿಂದ ಬೋರ್ ನೀರು ಇಳಿಯುತ್ತದೆ, ಕೆಳಗಿನ ಪೈಪಿನಿಂದ ಟ್ಯಾಂಕಿಗೆ ಹೋಗುತ್ತದೆ. ಪರೀಕ್ಷೆಗೆ ನೀರು ಹಿಡಿಯಲೆಂದು ತಳದಲ್ಲಿ ಒಂದು ಹಿತ್ತಾಳೆ ನಲ್ಲಿ. ಕರೆಂಟಿಲ್ಲ, ಗರಗರ ಸದ್ದಿಲ್ಲ.

ಇದಕ್ಕೂ ಮೊದಲು ಮೇಡಂ ಕಡಲೆಕಾಯಿ ಸಿಪ್ಪೆ, ಕಿತ್ತಳೆ ಸಿಪ್ಪೆ, ಮರದ ಹೊಟ್ಟು ಎಲ್ಲವನ್ನೂ ಪರೀಕ್ಷಿಸಿ ನೋಡಿದ್ದರಂತೆ. ಮೈಸೂರಿನ ಅಡುಗೆಮನೆಗಳಲ್ಲಿ ಕಸವಾದದ್ದು ಅವರ ಮನೆಯಲ್ಲಿ ಕಸುಬಾಗಿತ್ತು. ಹೊಟ್ಟೆಗೆ ಹೋಗಬೇಕಾಗಿದ್ದ ವಿಷವನ್ನು ಕೊನೆಗೆ ಹೊಟ್ಟು ಹಿಡಿಯಿತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಅನ್ನುವುದು ಗಾದೆ. ಇಲ್ಲಿ ಒಂದು ಬಡಾವಣೆಯ ಜನ ಸ್ವರ್ಗಕ್ಕೆ ಹೋಗದಂತೆ ನಾರೇ ಕಾದಿತ್ತು.

ಆದರೆ ಸಿದ್ದೇಶನ ಕಣ್ಣು ಮತ್ತೆ ಮತ್ತೆ ಹೋಗುತ್ತಿದ್ದದ್ದು ಆ ನಲ್ಲಿಗೆ.

“ಮೇಡಂ, ಈ ನಲ್ಲಿ ಹಾಕಿ ವರ್ಷ ಆಯ್ತು ಅಂದ್ರಿ. ಬೋರ್ ನೀರಿಗೆ ನಮ್ಮನೆ ನಲ್ಲಿ ಆರು ತಿಂಗಳಲ್ಲಿ ಸುಣ್ಣದ ಡಬ್ಬಿ ಆಗಿದೆ. ಇದು ನೋಡಿ, ಮದುವೆಮನೆ ಕಳಶದ ಥರ ಹೊಳೀತಿದೆ.”

“ಆಯುಧಪೂಜೆಗೆ ಮರಿಯಯ್ಯ ತೊಳೆದಿರ್ತಾನೆ. ಅವನಿಗೆ ಇದು ಯಂತ್ರ ಅಲ್ಲ ಕಣೋ, ದೇವರು.”

ಮರಿಯಯ್ಯ ಬಡಾವಣೆಯ ನೀರುಗಂಟಿ. ಪಂಪು ಹಾಕುವುದು, ಬೀದಿ ಬೀದಿಗೆ ನೀರು ತಿರುಗಿಸುವುದು ಅವನ ಕೆಲಸ. ಅವನ ಭಕ್ತಿಯ ಗುರುತು ಎಲ್ಲೆಲ್ಲೂ ಇತ್ತು. ಪಂಪಿಗೆ ಮೂರು ಬೆರಳಿನ ವಿಭೂತಿ, ಪೀಪಾಯಿಯ ಕೊರಳಿಗೆ ಒಣಗಿದ ಸೇವಂತಿಗೆ, ಹೊಸ್ತಿಲ ಬಳಿ ಒಡೆದ ಬೂದುಗುಂಬಳದ ಕುಂಕುಮದ ಕಲೆ.

“ಹೊರಗೆ ತೊಳೆದಿದ್ರೆ ಹೊರಗೆ ಹೊಳೀಬೇಕು,” ಸಿದ್ದೇಶ್ ಕಿರುಬೆರಳನ್ನು ನಲ್ಲಿಯ ಬಾಯೊಳಗೆ ತೂರಿಸಿ ತಿರುಗಿಸಿದ. “ಇದು ಒಳಗೂ ಹೊಳೀತಿದೆ. ಅಲ್ಲಿಗೆ ಯಾವ ನೀರುಗಂಟಿ ಕೈ ಹೋಗತ್ತೆ? ಬೆಳ್ಳಗಿರೋದೆಲ್ಲ ಹಾಲಲ್ಲ ಮೇಡಂ, ಹಳದಿ ಇರೋದೆಲ್ಲ ಹಬ್ಬದ್ದಲ್ಲ.”

ಬೆರಳು ಈಚೆ ಬಂದಾಗ ಅದರ ತುದಿಯಲ್ಲಿ ಕಂದು ಬಣ್ಣದ ಒಂದು ಎಳೆ ಅಂಟಿಕೊಂಡಿತ್ತು. ಪತ್ತೇದಾರನಿಗೆ ಪತ್ತೆ ಸಿಗದಿದ್ದರೂ ದಾರ ಸಿಕ್ಕಿತ್ತು.

“ಅದು ನಮ್ಮ ತೆಂಗಿನ ನಾರೇ ಸರ್,” ಬಾಗಿಲಲ್ಲಿ ನಿಂತಿದ್ದ ರಕ್ಷಿತಾ ಹೇಳಿದಳು. ಮೇಡಂ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಹುಡುಗಿ. ತಿಂಗಳಿಗೊಮ್ಮೆ ಈ ನಲ್ಲಿಯಿಂದ ಬಾಟಲಿಗೆ ನೀರು ಹಿಡಿದು ಲ್ಯಾಬಿಗೆ ಕೊಡುವವಳು ಅವಳೇ. “ಜರಡಿ ಹರಿದಿರ್ಬೇಕು. ಮೇಡಂ, ಮೀಟಿಂಗಿಗೆ ಹೊತ್ತಾಯ್ತು, ನಾನು ಹೋಗಿ ಪ್ರೊಜೆಕ್ಟರ್ ಜೋಡಿಸ್ಲಾ?”

“ಹೋಗಮ್ಮಾ, ನಾವೂ ಬಂದ್ವಿ,” ಎಂದ ಪದ್ಮಾವತಿ ಅವಳು ಹೋದ ದಾರಿಯನ್ನೇ ನೋಡುತ್ತ ನಿಟ್ಟುಸಿರಿಟ್ಟರು. “ನನ್ನ ಬಲಗೈ ಕಣೋ ಅದು. ಹಬ್ಬ ಹುಣ್ಣಿಮೆ ಒಂದೂ ಇಲ್ಲ. ಈ ಸಲದ ನೀರು ಹಿಡಿದಿದ್ದು ವಿಜಯದಶಮಿ ಬೆಳಗ್ಗೆ, ಊರೆಲ್ಲ ಜಂಬೂಸವಾರಿಗೆ ಜಾಗ ಹಿಡಿಯೋ ಹೊತ್ತಲ್ಲಿ.”

ಸಿದ್ದೇಶ್ ಎಳೆಯನ್ನು ಬೆಳಕಿಗೆ ಹಿಡಿದಿದ್ದ. “ಮೇಡಂ, ಕನ್ನಡಕ ಹಾಕ್ಕೊಳ್ಳಿ. ತೆಂಗಿನ ನಾರು ಹೀಗೆ ಕವಲೊಡೆಯತ್ತಾ?”

ಪದ್ಮಾವತಿ ಕನ್ನಡಕ ಏರಿಸಿದರು. ಎಳೆಯನ್ನು ಅಂಗೈ ಮೇಲೆ ಹರಡಿದರು. ಅದು ಎಲೆಯ ನರದಂತೆ ಎರಡಾಗಿ, ಮತ್ತೆ ಎರಡಾಗಿ ಸೀಳಿತ್ತು. ಅವರು ಅದನ್ನು ಮೂಸಿದರು. ಮೂಸಿದವರ ಹುಬ್ಬು ಮೆಲ್ಲಗೆ ಮೇಲೇರಿತು.

“ಸಾರಿನ ವಾಸನೆ!”

“ಅಂದ್ರೆ?”

“ಹುಣಸೆಹಣ್ಣು ಕಣೋ ಪೆದ್ದೆ! ಹುಣಸೆ ಕಿವುಚಿದಾಗ ಬೆರಳಿಗೆ ಸಿಗೋ ನಾರು ಇದು. ನಲವತ್ತು ವರ್ಷ ಅಡುಗೆ ಮಾಡಿದೀನಿ, ಇದನ್ನ ನೋಡೋಕೆ ವಾರ ಬೇಕಾಯ್ತು ನಂಗೆ!”

ಮುಂದಿನದು ಚಕಚಕನೆ ನಡೆಯಿತು. ಮೂಲೆಯಲ್ಲಿ ಮುಚ್ಚಳ ಬಿಗಿದ ಒಂದು ಡ್ರಮ್ಮು ಇತ್ತು. ಅದರ ಮೇಲೂ ಕುಂಕುಮ, ಅದರ ಮೇಲೂ ಹೂವು. ಸಿದ್ದೇಶ್ ಮುಚ್ಚಳ ತೆಗೆದ. ಕಂದು ನೀರು. ಮೇಡಂ ವ್ಯಾನಿಟಿ ಬ್ಯಾಗಿನಲ್ಲಿ ಕುಂಕುಮದ ಡಬ್ಬಿಯ ಪಕ್ಕ ಯಾವಾಗಲೂ ಲಿಟ್ಮಸ್ ಕಾಗದ ಇರುತ್ತಿತ್ತು. ನೀಲಿ ಕಾಗದದ ತುದಿಯನ್ನು ಅದ್ದಿದರು. ಕಾಗದ ನಾಚಿಕೊಂಡಂತೆ ಕೆಂಪಾಯಿತು.

“ಹುಳಿ,” ಅಂದರು ಪದ್ಮಾವತಿ. “ಪೀಪಾಯಿ ಒಳಗಿಂದ ಹುಣಸೆ ನೀರಲ್ಲಿ ತೊಳೆದಿದಾನೆ ಮಹಾರಾಯ! ತೊಳೆದ ನೀರು ಪೂಜೆಯದ್ದು, ಯಾರೂ ತುಳೀಬಾರದು ಅಂತ ಡ್ರಮ್ಮಲ್ಲಿ ಹಿಡಿದಿಟ್ಟಿದಾನೆ.”

“ತೊಳೆದ್ರೆ ಯುರೇನಿಯಂ ಯಾಕೆ ಹೆಚ್ಚಾಗ್ಬೇಕು?”

“ಸಿಟಿ ಬಸ್ ಹತ್ತಿದೀಯ ಅಲ್ವಾ? ನಾರಿನ ಹೊಟ್ಟಿನ ಮೈತುಂಬ ಸಣ್ಣ ಸಣ್ಣ ಹಿಡಿಗಳಿವೆ ಅಂತ ಇಟ್ಕೋ, ಬಸ್ಸಲ್ಲಿ ನೇತಾಡೋ ಹಿಡಿಗಳ ಥರ. ನೀರಲ್ಲಿ ಬರೋ ಯುರೇನಿಯಂ ಅದನ್ನ ಹಿಡ್ಕೊಂಡು ನಿಂತ್ಬಿಡತ್ತೆ. ನೀರು ಮಾತ್ರ ಇಳಿದು ಹೋಗತ್ತೆ. ಹುಳಿ ಅಂದ್ರೆ ಕಾಲೇಜು ಬಿಟ್ಟ ಹೊತ್ತು. ಹುಡುಗರ ಹಿಂಡು ನುಗ್ಗಿ ಎಲ್ಲ ಹಿಡಿಗಳನ್ನೂ ಕಿತ್ಕೊಂಡ್ರೆ ಮೊದಲು ನಿಂತಿದ್ದೋರ ಗತಿ?”

ಸಿದ್ದೇಶ್ ಮೂಗಿನಲ್ಲಿ ಶಿಳ್ಳೆ ಊದಿ, ಕಂಡಕ್ಟರನಾದ. “ಯುರೇನಿಯಂ ಇಳೀರೀ, ಇಳೀರೀ! ಸ್ಟಾಪು ಬಂತು, ಬಾಗ್ಲಲ್ಲಿ ನಿಲ್ಬೇಡಿ ಕಣ್ರೀ, ರೈಟ್ ರೈಟ್!”

“ಅದೇ! ವರ್ಷವಿಡೀ ಹತ್ತಿದ್ದೋರೆಲ್ಲ ಒಂದೇ ಸಲ ಇಳಿದ್ರು. ಆ ಹೊತ್ತಿಗೆ ಸರಿಯಾಗಿ ರಕ್ಷಿತಾ ಬಾಟಲಿ ಹಿಡಿದ್ಲು. ಫಿಲ್ಟರ್ ಕೆಟ್ಟಿಲ್ಲ ಸಿದ್ದೇಶ. ಅದು ಎಷ್ಟು ಚೆನ್ನಾಗಿ ಹಿಡಿದಿತ್ತು ಅನ್ನೋದಕ್ಕೆ ಈ ಡ್ರಮ್ಮೇ ಸಾಕ್ಷಿ. ನಾವು ಲ್ಯಾಬಲ್ಲಿ ಬೇಕಂತಲೇ ಹೀಗೆ ತೊಳೀತೀವಿ, ಹೊಟ್ಟು ಮತ್ತೆ ಹೊಸದಾಗ್ಲಿ ಅಂತ.”

ಡ್ರಮ್ಮಿನ ಮುಚ್ಚಳದ ಮೇಲೆ ಅಂಗೈ ಇಟ್ಟು ಅವರು ಒಂದು ಗಳಿಗೆ ಕಣ್ಣು ಮುಚ್ಚಿದರು. ಒಂದು ಬಡಾವಣೆಯ ಮಕ್ಕಳ ಹೊಟ್ಟೆಗೆ ಇಷ್ಟಿಷ್ಟೇ ಇಳಿಯಬೇಕಾಗಿದ್ದದ್ದು ಅಲ್ಲಿ, ಒಂದು ಡ್ರಮ್ಮಿನ ತಳದಲ್ಲಿ, ಹೂ ಮುಡಿದು ಕೂತಿತ್ತು. ತೆಂಗಿನ ಸಿಪ್ಪೆಗೆ ಇಷ್ಟು ಬುದ್ಧಿ ಇದೆಯೆಂದು ಕಂಡುಕೊಂಡ ಈ ಹೆಂಗಸಿಗೆ ಯಾವ ಊರಿನವರಾದರೂ ಪೇಟ ಸುತ್ತುತ್ತಿದ್ದರು. ತಂಬೆಲರಿನವರು ಬರೀ ಸುತ್ತು ಹಾಕಿಸುತ್ತಿದ್ದರು.

“ನಡೀರಿ ಮೇಡಂ,” ಅಂದ. “ಸಭೆ ಕಾಯ್ತಿದೆ.”

* * *

ಗಣಪತಿ ಗುಡಿಯ ಪಕ್ಕದ ಸಮುದಾಯ ಭವನದಲ್ಲಿ ಕುರ್ಚಿಗಳಿಗಿಂತ ಜನ ಹೆಚ್ಚಿದ್ದರು, ಜನರಿಗಿಂತ ಸಿಟ್ಟು ಹೆಚ್ಚಿತ್ತು. ವೇದಿಕೆಯಲ್ಲಿ ಸಂಘದ ಕಾರ್ಯದರ್ಶಿ ಶಿವಕುಮಾರ್ ಮೈಕನ್ನು ಮುದ್ದಿಸುವಷ್ಟು ಹತ್ತಿರ ಹಿಡಿದಿದ್ದರು. ಕಾರ್ಯ ಕಡಿಮೆ, ದರ್ಶನ ಹೆಚ್ಚು ಎಂದು ಬಡಾವಣೆಯವರೇ ಅವರನ್ನು ಹಾಸ್ಯ ಮಾಡುತ್ತಿದ್ದರು. ಆದರೆ ಇವತ್ತು ಅವರ ಮುಖದಲ್ಲಿದ್ದ ಭಯ ನಿಜವಾದದ್ದು.

“ಬೇಸಿಕಲಿ, ನನಗೆ ಪದ್ಮಾವತಿ ಮೇಡಂ ಮೇಲೆ ಪರ್ಸನಲ್ ಆಗಿ ಏನೂ ಇಲ್ಲ. ಗ್ರೇಟ್ ರೆಸ್ಪೆಕ್ಟ್. ಆದ್ರೆ ನನ್ನ ಮಗಳು ಈ ನೀರನ್ನೇ ಕುಡಿಯೋದು. ಸಿಪ್ಪೆ, ನಾರು, ಹೊಟ್ಟು ಇವೆಲ್ಲ ಹಸುಗೆ ಸರಿ. ಬೇಸಿಕಲಿ ನಾವು ಹಸುಗಳಲ್ಲ.”

“ಬೇಸಿಕಲಿ ಅಂಬಾ ಅನ್ನೋದೊಂದು ಬಾಕಿ,” ಹಿಂದಿನ ಸಾಲಿನಿಂದ ಥೇಟ್ ಶಿವಕುಮಾರರ ದನಿಯಲ್ಲೇ ಒಂದು ಮಾತು ಬಂತು.

ಜನ ನಕ್ಕರು. ಶಿವಕುಮಾರ್ ತಾನೇ ಹೇಳಿದೆನೋ ಎಂಬಂತೆ ಮೈಕನ್ನು ನೋಡಿಕೊಂಡರು. “ಯಾರದು?”

“ಸಿದ್ದೇಶ್ ಅಂತ ಸರ್. ಮೇಡಂ ಶಿಷ್ಯ. ನಿಮ್ಮ ಮಗಳು ಆ ನೀರು ಕುಡಿದಿಲ್ಲ ಅಂತ ಹೇಳೋಕೆ ಬಂದೆ.”

ನಗು ನಿಂತಿತು.

“ಏನ್ರೀ ಹಾಗಂದ್ರೆ? ರಿಪೋರ್ಟ್ ಸುಳ್ಳಾ?”

“ನಿಜ ಸರ್. ಬಾಟಲಿಯ ನೀರೂ ನಿಜ, ಅದರ ಯುರೇನಿಯಮ್ಮೂ ನಿಜ. ಆದ್ರೆ ಆ ನೀರು ಫಿಲ್ಟರಿನ ತಳದ ನಲ್ಲಿ ಬಿಟ್ಟು ಆಚೆ ಹೋಗಿಲ್ಲ. ಹಬ್ಬಕ್ಕೆ ಅಂತ ಟ್ಯಾಂಕು ಮೊದಲೇ ತುಂಬಿ, ಟ್ಯಾಂಕಿನ ವಾಲ್ವ್ ಮುಚ್ಚಿತ್ತು, ಪಂಪ್‌ಹೌಸಿನ ಪುಸ್ತಕದಲ್ಲೇ ಬರೆದಿದೆ. ನಿಮ್ಮ ಬೀದಿಗೆ ವಿಜಯದಶಮಿ ದಿನ ನೀರು ಬಂತಾ, ನೀವೇ ಹೇಳಿ.”

“ಎಲ್ಲಿ ಬಂತು? ನಾನೇ ಫೋನ್ ಮಾಡಿ ಬೈದೆ.”

“ಬೈದದ್ದಕ್ಕೆ ಸಂತೋಷಪಡಿ. ಒಂದು ದೀಪ ಸಿಗತ್ತಾ? ಹಿತ್ತಾಳೇದು. ತೊಳೀದೆ ಇರೋದು.”

“ತೊಳೀದೇ ಇರೋದು ಬೇಕಾದ್ರೆ ನಮ್ಮನೇಲೇ ಐತೆ ಕಣಪ್ಪ,” ಮುಂದಿನ ಸಾಲಿನಿಂದ ಶಿವಕುಮಾರರ ತಾಯಿ ದಾಕ್ಷಾಯಣಮ್ಮ ಎದ್ದರು. “ಈ ಕುಮಾರ ಹುಟ್ಟಿದಾಗಿಂದ ಒಂದು ದೀಪ ಮುಟ್ಟಿ ತೊಳೆದೋನಲ್ಲ. ಗುಡೀದೇ ತರ್ತೀನಿ ತಾಳು.”

“ಅಮ್ಮಾ, ಮೀಟಿಂಗ್ ನಡೀತಿದೆ!”

“ನಡೀಲಿ ಬಿಡು, ನಾನೂ ನಡ್ಕೊಂಡೇ ಹೋಗೋದು.”

ಗುಡಿಯ ಕಪ್ಪಿಟ್ಟ ಕಾಲುದೀಪ ಬಂತು. ಯಾರದೋ ಮನೆಯಿಂದ ಹುಣಸೆಹಣ್ಣು, ಒಂದು ಬಿಳಿ ಬೇಸಿನ್ ಬಂತು. ದಾಕ್ಷಾಯಣಮ್ಮ ಯಾರ ಅಪ್ಪಣೆಗೂ ಕಾಯದೆ ಸೆರಗು ಸಿಕ್ಕಿಸಿ ಉಜ್ಜಿದರು. ನೀರು ಹೊಯ್ದರು. ದೀಪ ಬೆಳಗುವ ಮೊದಲೇ ಬೆಳಗಿತು.

ಸಿದ್ದೇಶ್ ಬೇಸಿನ್ನನ್ನು ಎತ್ತಿ ಎಲ್ಲರಿಗೂ ತೋರಿಸಿದ. ಅದರ ತುಂಬ ಕಪ್ಪು ನೀರು.

“ಅಮ್ಮಾ, ಈ ಕಪ್ಪು ಎಲ್ಲಿಂದ ಬಂತು? ದೀಪ ಹುಟ್ಟಿಸ್ತಾ?”

“ದೀಪ ಯಾಕೆ ಹುಟ್ಟಿಸ್ತದೆ? ಮೆತ್ಕೊಂಡಿತ್ತು, ಹುಳಿಗೆ ಬುಡ್ತು.”

“ಸರ್, ಈಗ ಈ ಬೇಸಿನ್ ನೀರನ್ನ ಬಾಟಲಿಗೆ ತುಂಬಿ ಲ್ಯಾಬಿಗೆ ಕಳಿಸಿದ್ರೆ ವರದಿ ಏನು ಬರತ್ತೆ? ಗಣಪತಿ ಗುಡಿ ದೀಪ ಕೊಳಕು ಉತ್ಪಾದಿಸ್ತಿದೆ, ಕೂಡಲೇ ಗುಜರಿಗೆ ಹಾಕಿ. ಆಯುಧಪೂಜೆಗೆ ನಮ್ಮ ಫಿಲ್ಟರಿಗೂ ಇದೇ ಅಭ್ಯಂಜನ ಆಗಿದೆ, ಹೊರಗಲ್ಲ, ಒಳಗೆ. ವರ್ಷವಿಡೀ ನಿಮಗೋಸ್ಕರ ಮೆತ್ಕೊಂಡಿದ್ದನ್ನ ಅದು ಒಂದು ರಾತ್ರಿ ಬಿಟ್ಟಿದೆ. ಆ ನೀರು ಈಗಲೂ ಪಂಪ್‌ಹೌಸಿನ ಡ್ರಮ್ಮಲ್ಲಿ ಮುಚ್ಚಳ ಹಾಕ್ಕೊಂಡು ಕೂತಿದೆ. ಒಂದು ತೊಟ್ಟೂ ಯಾರ ಬಿಂದಿಗೆಗೂ ಹೋಗಿಲ್ಲ.”

“ಯಾರ್ರೀ ತೊಳೆದದ್ದು?” ಶಿವಕುಮಾರರ ದನಿ ಏರಿತು. “ಹೆಸರು ಹೇಳಿ!”

ಯಾವ ದನಿಯನ್ನಾದರೂ ತೆಗೆಯಬಲ್ಲ ಸಿದ್ದೇಶ್, ಒಬ್ಬ ಬಡಪಾಯಿಯ ಹೆಸರು ತೆಗೆಯಲಾರದೆ ನಿಂತ. ಬಾಗಿಲ ಬಳಿ ಕುರ್ಚಿ ಜೋಡಿಸುತ್ತಿದ್ದ ಮರಿಯಯ್ಯ ಹಿಡಿದಿದ್ದ ಕುರ್ಚಿಯನ್ನು ಕೆಳಗಿಟ್ಟ.

“ನಾನೇ ಕಣ್ ಬುದ್ದಿ.”

ಎಲ್ಲರ ತಲೆಯೂ ತಿರುಗಿತು.

“ನಾನೇ ತೊಳ್ದದ್ದು. ಮನೇಲಿ ನಮ್ ಎಂಡ್ತಿ ಸೋಮಿ ಕೊಡಪಾನ ಒಳ್ಗೂ ಉಜ್ತಾಳೆ, ಒರ್ಗೂ ಉಜ್ತಾಳೆ. ಇಷ್ಟ್ ಜನುಕ್ಕೆ ನೀರ್ ಕೊಡೋ ತಾಯಿನ ಬರೀ ಒರ್ಗಡೆ ತೊಳ್ದು ಎಂಗ್ ಪೂಜೆ ಮಾಡ್ಲಿ? ಅದಕ್ಕೇ ಉಣಸೆನೀರ್ ಉಯ್ದು ರಾತ್ರೆಲ್ಲಾ ನೆನೆಯಾಕ್ಬುಟ್ಟೆ. ಬೆಳಿಗ್ಗೆ ಆ ನೀರೆಲ್ಲಾ ಡ್ರಮ್ಮಿಗೆ ಇಡ್ದು, ವಾಸ್ನೆ ಓಗೋಗಂಟ ಒಳ್ಳೆ ನೀರ್ ಉಯ್ದು ತೊಳ್ದೆ, ಅದೂನೂವೆ ಡ್ರಮ್ಮಿಗೇ. ಕೆಲ್ಸದಿಂದ ತೆಗೀತೀರಾ ತೆಗೀರಿ. ಅಮ್ಮಾರ್ನ ಏನೂ ಅನ್ಬೇಡಿ.”

ದಾಕ್ಷಾಯಣಮ್ಮ ತೊಳೆದ ದೀಪವನ್ನು ಮೇಜಿನ ಮೇಲೆ ಠಣ್ಣನೆ ಕುಕ್ಕಿದರು.

“ತೊಳೆದೋನ್ನ ಯಾಕೋ ತೆಗೀತೀರಾ? ತೊಳೀದೇ ಇರೋರು ಇಷ್ಟು ಜನ ಕುಂತಿಲ್ವಾ?”

ಮೊದಲು ಒಬ್ಬರು ನಕ್ಕರು, ಆಮೇಲೆ ಸಾಲು ಸಾಲೇ ನಕ್ಕಿತು. ಯಾರೋ ಚಪ್ಪಾಳೆ ತಟ್ಟಿದರು. ಮೇಡಂ ಎದ್ದು ಹೋಗಿ ಮರಿಯಯ್ಯನ ಕೈ ಹಿಡಿದುಕೊಂಡರು. “ಅಲ್ಲಯ್ಯಾ, ನಾನು ಲ್ಯಾಬಲ್ಲಿ ಕೋಟು ಹಾಕ್ಕೊಂಡು ಮಾಡೋದನ್ನ ನೀನು ಕುಂಕುಮ ಹಚ್ಚಿ ಮಾಡಿದೀಯ. ಒಂದು ಮಾತು ಕೇಳಬಾರದಿತ್ತೇ?” ಅಂದರು. ಅವರ ಕಣ್ಣು ತುಂಬಿತ್ತು. ವಾರದ ನಂತರ ಮೊದಲ ಸಲ ಅವರ ಬೆನ್ನು ನೆಟ್ಟಗಾದದ್ದನ್ನು ಸಿದ್ದೇಶ್ ನೋಡಿದ. ಆ ಬೆನ್ನನ್ನು ಅವನು ಕಾಲೇಜಿನ ಕಪ್ಪುಹಲಗೆಯ ಮುಂದೆ ಮೂರು ವರ್ಷ ನೋಡಿದ್ದ.

ಶಿವಕುಮಾರ್ ಮೈಕಿನಲ್ಲಿ ಕೆಮ್ಮಿದರು. ಕೆಟ್ಟ ಮನುಷ್ಯರಲ್ಲ ಅವರು. ಮಗಳು ಕುಡಿದಿಲ್ಲವೆಂದು ತಿಳಿದ ಮೇಲೆ ಅವರ ಮುಖದ ಬಿಗಿ ಸಡಿಲಿತ್ತು. “ಬೇಸಿಕಲಿ, ಮೇಡಂ, ಐ ಆಮ್ ಸಾರಿ. ಫಿಲ್ಟರ್ ಇರಲಿ ಅನ್ನೋರು ಕೈ ಎತ್ತಿ.”

ಕೈಗಳೆದ್ದವು. ಬಳೆಯ ಕೈ, ವಾಚಿನ ಕೈ, ಮಗುವನ್ನು ಎತ್ತಿಕೊಂಡವರ ಒಂಟಿ ಕೈ. ಹುಳಿ ಮೆತ್ತಿದ ದಾಕ್ಷಾಯಣಮ್ಮನ ಎರಡೂ ಕೈ. ಬಡಾವಣೆಯ ನಿವಾಸಿಯಾಗಿ ಪದ್ಮಾವತಿಯವರೂ ಕೈ ಎತ್ತಿದರು. ಕೊನೆಗೆ ಶಿವಕುಮಾರರದೂ ಎದ್ದಿತು. ಎಣಿಸುವ ಅಗತ್ಯವೇ ಇರಲಿಲ್ಲ.

ಮರಿಯಯ್ಯನಿಗೆ ಸಂತೋಷ ತಡೆಯಲಾಗಲಿಲ್ಲ. “ನಂದೇನೈತೆ ಬುದ್ದಿ,” ಅವನು ಮೇಡಂ ಕಡೆಗೆ ಕೈ ಮುಗಿದ. “ಉಣಸೆಅಣ್ಣು ಕೊಟ್ಟೋರೂ ಅಮ್ಮಾರೇ, ಒಳ್ಗೂ ತೊಳಿ ಅಂತ ಯೋಳಿ ಕಳ್ಸಿದ್ದೂ ಅಮ್ಮಾರೇ. ಏನೋ ಕೇಳ್ಬಾರ್ದಿತ್ತೇ ಅಂತಾರೆ, ಮರ್ತವ್ರೆ ಪಾಪ.”

ಎದ್ದ ಕೈಗಳು ಎದ್ದಲ್ಲೇ ನಿಂತವು.

“ನಾನಾ?” ಪದ್ಮಾವತಿಯವರ ಹುಬ್ಬು ಗಂಟಿಕ್ಕಿತು. “ಹುಣಸೆಹಣ್ಣು ಕಳಿಸಿದ್ದೆ, ಹೌದು. ನಮ್ಮ ಹಿತ್ತಲ ಮರದ್ದು. ಆದ್ರೆ ಅದು ಸೋಮಮ್ಮನಿಗೆ, ಸಾರಿಗೆ ಆಗ್ಲಿ ಅಂತ. ತೊಳಿ ಅಂತ ನಾನು ಯಾವತ್ತು ಹೇಳ್ದೆ?”

“ನೀವೇ ಯೋಳಿದ್ರಂತಲ್ಲ ಅಮ್ಮಾ. ಒಳಿಕ್ಕೆ ಉಯ್ದು ರಾತ್ರೆಲ್ಲಾ ಬುಡ್ಬೇಕು, ಬೆಳಿಗ್ಗೆ ನಾನ್ ಬರೋಗಂಟ ನಲ್ಲಿ ಮುಟ್ಬೇಡ ಅಂತ, ಅಣ್ಣು ತಂದ್ಕೊಟ್ಟಾಗ ರಕ್ಷಿತವ್ವಾರು...”

ಸಿದ್ದೇಶನ ಕಣ್ಣು ಆಗಲೇ ಪ್ರೊಜೆಕ್ಟರಿನ ಕಡೆ ತಿರುಗಿತ್ತು. ಹುಣಸೆ ನಾರನ್ನು ಒಂದು ನೋಟಕ್ಕೇ ತೆಂಗಿನ ನಾರೆಂದವಳು. ಹುಳಿ ಏನು ಮಾಡುತ್ತದೆಂದು ಈ ಬಡಾವಣೆಯಲ್ಲಿ ಮೇಡಂ ಬಿಟ್ಟರೆ ಗೊತ್ತಿದ್ದ ಒಬ್ಬಳೇ ಒಬ್ಬಳು.

ರಕ್ಷಿತಾ ಓಡಲಿಲ್ಲ. ಅಳಲೂ ಇಲ್ಲ. ಪ್ರೊಜೆಕ್ಟರಿನ ಬೆಳಕು ಅವಳ ಅರ್ಧ ಮುಖದ ಮೇಲೆ ಬಿದ್ದಿತ್ತು.

“ಹೌದು ಸರ್, ನಾನೇ ಹೇಳ್ದೆ. ಮೇಡಂ ಹೆಸರು ಸೇರಿಸಿ ಹೇಳ್ದೆ. ಮರಿಯಯ್ಯನೋರದ್ದು ಏನೂ ತಪ್ಪಿಲ್ಲ.”

“ಯಾಕಮ್ಮಾ?” ಮೇಡಂ ಕೇಳಿದರು. ಎತ್ತಿದ ಕೈ ಇನ್ನೂ ಹಾಗೇ ಇತ್ತು. “ನನ್ನ ಹೆಸರು ಕೆಡಿಸೋಕಾ?”

“ಹೊಟ್ಟು ನಿಜವಾಗ್ಲೂ ಎಷ್ಟು ಹಿಡಿದಿದೆ ಅಂತ ಅಳೀಬೇಕಿತ್ತು. ಮತ್ತೆ ಕೇಳಿದ್ರೂ ನೀವು ತೊಳೆಯೋಕೆ ಬಿಡ್ತಿರಲಿಲ್ಲ. ಮೂರು ಸಲ ಕೇಳ್ದೆ, ಮೂರು ಸಲವೂ ಬೇಡ ಅಂದ್ರಿ.” ಅವಳು ಎರಡು ಹೆಜ್ಜೆ ಮುಂದೆ ಬಂದಳು. ಮಾತು ಮೆಲ್ಲಗಿತ್ತು, ಆದರೆ ಕೊನೆಯ ಸಾಲಿಗೂ ಕೇಳಿಸಿತು. “ಫಿಲ್ಟರ್ ಹಿಡಿಯತ್ತೆ ಮೇಡಂ, ಅದರಲ್ಲಿ ನನಗೂ ಅನುಮಾನ ಇಲ್ಲ. ನಿಮ್ಮಂಥ ಕೆಲಸ ನಾನು ಇನ್ನೆಲ್ಲೂ ನೋಡಿಲ್ಲ. ಆದ್ರೆ ನಾನು ಬಾಟಲಿ ಒಂದನ್ನೇ ಲ್ಯಾಬಿಗೆ ಕೊಡ್ಲಿಲ್ಲ. ಮರಿಯಯ್ಯನೋರು ತೊಳೆದು ಮುಗಿಸಿದ ಮೇಲೆ ಡ್ರಮ್ಮಿನ ನೀರನ್ನೂ ಕೊಟ್ಟೆ. ಇವತ್ತು ಮಧ್ಯಾಹ್ನ ಫೋನ್ ಬಂತು. ವರ್ಷವಿಡೀ ಹಿಡಿದಿದೆ ಅಂತ ನಾವು ಹೇಳ್ತಾ ಬಂದಿದ್ದರಲ್ಲಿ ಅರ್ಧಾನೂ ಅಲ್ಲಿಲ್ಲ.”

“ಹುಳಿಗೆ ಎಲ್ಲಾನೂ ಬಿಟ್ಟಿರಲ್ಲ,” ಸಿದ್ದೇಶ್ ಅವಸರದಿಂದ ಅಂದ. ಅದು ಅವನದೇ ದನಿ ಎಂದು ಅವನಿಗೇ ಗುರುತು ಸಿಗಲಿಲ್ಲ.

“ಹೊಟ್ಟನ್ನೂ ಒಂದು ಹಿಡಿ ತೆಗೆದು ನೋಡಿಸಿದೀನಿ ಸರ್. ಅದು ಖಾಲಿ.” ರಕ್ಷಿತಾ ಅವನ ಕಡೆ ನೋಡಲೂ ಇಲ್ಲ. “ನೀರಿಗೆ ಹೋಗಿಲ್ಲ ಅಂತ ಪ್ರತಿ ತಿಂಗಳ ಪರೀಕ್ಷೆ ಹೇಳತ್ತೆ. ಹೊಟ್ಟಲ್ಲಿ ಇಲ್ಲ. ಡ್ರಮ್ಮಲ್ಲಿ ಇಲ್ಲ. ಅಂದ್ರೆ ನನಗಿಂತ ಮೊದಲೇ ಯಾರೋ ಇದನ್ನ ಒಂದು ಸಲ ತೊಳೆದು, ಬಂದದ್ದನ್ನ ತಗೊಂಡು ಹೋಗಿದಾರೆ. ಯಾರು ಅಂತ ಇವರಿಗೆ ನೀವು ಹೇಳ್ತೀರಾ ಮೇಡಂ, ನಾನು ಹೇಳ್ಲಾ?”

ಭವನದ ತುಂಬ ಕೈಗಳು ಇನ್ನೂ ಮೇಲೇ ಇದ್ದವು. ಯಾರಿಗೂ ಇಳಿಸಲು ತೋಚಿರಲಿಲ್ಲ.

ಮೊದಲು ಇಳಿದದ್ದು ಪದ್ಮಾವತಿಯವರ ಕೈ.